ಹೂವಿನಕೋಲಿನ ಹಾದಿ: ಕುಂದಾಪುರ ಸೀಮೆಯಲ್ಲಿ ಮನೆಯಿಂದ ಮನೆಗೆ ನಡೆದ ನಾದ

ಮೊಬೈಲ್ ಫೋನನ್ನು ಜೇಬಿನಲ್ಲಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಊರಿನ ಬೀದಿಯಲ್ಲಿಯೋ ಕೆರೆಯ ದಂಡೆಯಲ್ಲಿಯೋ ನಡೆಯುವವರಿಗೆ, ಅವರು ಆಯಾ ಜಾಗಕ್ಕೆ ಕಾಲಿಟ್ಟಾಗ ಮಾತ್ರ ಕೇಳಿಸುವಂತೆ ಹೆಣೆದಿಟ್ಟ ಹಾಡು, ಮಾತು ಮತ್ತು ಸದ್ದುಗಳ ಕಲೆಯೊಂದು ಕಳೆದ ಕಾಲು ಶತಮಾನದಲ್ಲಿ ಜಗತ್ತಿನ ಹಲವೆಡೆ ಬೆಳೆದಿದೆ. ಸ್ಥಳಾಧಾರಿತ ನಾದಕಲೆ ಎಂದು ಕರೆಯಬಹುದಾದ ಈ ಪ್ರಕಾರಕ್ಕೆ ಮುಖ್ಯವಾಗಿ ಮೂರು ಲಕ್ಷಣಗಳಿವೆ: ನಾದವು ಒಂದು ನಿರ್ದಿಷ್ಟ ನೆಲಕ್ಕೆ ಸೇರಿರುತ್ತದೆ, ಅದನ್ನು ಕೇಳಲು ಯಾರಾದರೂ ನಡೆಯಲೇಬೇಕಾಗುತ್ತದೆ, ಮತ್ತು ಕೇಳುವವರ ನಡೆಗೆ ತಕ್ಕಂತೆ ನಾದವೂ ಬದಲಾಗುತ್ತದೆ. ಸಾರ್ವಜನಿಕ ಸ್ಥಳವನ್ನು ರಂಗವಾಗಿಸಿಕೊಳ್ಳುವ ಇಂಥ ಕಲೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ರೇಡಿಯೊ, ಟೇಪ್ ರೆಕಾರ್ಡರ್ ಮತ್ತು ಉಪಗ್ರಹಗಳಿಂದ ಆರಂಭಿಸುತ್ತಾರೆ. ಆದರೆ ಈ ಮೂರೂ ಲಕ್ಷಣಗಳನ್ನು ಯಾವ ಯಂತ್ರದ ನೆರವೂ ಇಲ್ಲದೆ ಮೈಗೂಡಿಸಿಕೊಂಡಿದ್ದ ಪದ್ಧತಿಗಳು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದಿವೆ. ಅವುಗಳಲ್ಲಿ ಮೊದಲಿಗೆ ನಿಲ್ಲಬೇಕಾದದ್ದು ನವರಾತ್ರಿಯ ಹೂವಿನಕೋಲು.

ಇಂದು ಉಡುಪಿ ಜಿಲ್ಲೆಯ ಉತ್ತರ ಭಾಗದ ಮೂರು ತಾಲ್ಲೂಕುಗಳಾಗಿರುವ ಈ ಪ್ರದೇಶವು ಘಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿದ್ದು, ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳಿಂದಲೂ ಅವುಗಳ ಹಿನ್ನೀರಿನಿಂದಲೂ ತುಂಡುತುಂಡಾಗಿ ಒಡೆದುಕೊಂಡಿದೆ. ಇಲ್ಲಿಯ ಮನೆಗಳು ಬಯಲುಸೀಮೆಯ ಹಳ್ಳಿಗಳಲ್ಲಿರುವಂತೆ ಒಂದಕ್ಕೊಂದು ಆತುಕೊಂಡು ಕೇರಿಗಳಾಗಿ ನಿಂತಿಲ್ಲ. ಗದ್ದೆಯ ಅಂಚಿನಲ್ಲೊಂದು, ತೋಟದ ಒಳಗೊಂದು, ಗುಡ್ಡೆಯ ಬುಡದಲ್ಲೊಂದು ಎಂಬಂತೆ ಚದುರಿವೆ. ಒಂದು ಮನೆಯಿಂದ ಇನ್ನೊಂದು ಮನೆ ಕಣ್ಣಿಗೆ ಕಾಣಿಸದಿದ್ದರೂ ಕೂಗಿದರೆ ಕೇಳಿಸುತ್ತಿತ್ತು. ಹೀಗಾಗಿ ನೆರೆಹೊರೆಯ ಗಡಿಯನ್ನು ಗೊತ್ತುಮಾಡುವುದರಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಪಾಲಿತ್ತು. ಕೆನಡಾದ ಸಂಗೀತಕಾರ ಆರ್. ಮರ್ರಿ ಶೇಫರ್ 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರದೇಶದ ಎಲ್ಲ ಸದ್ದುಗಳನ್ನೂ ಒಟ್ಟಾಗಿ ಒಂದು ಭೂದೃಶ್ಯದಂತೆ ಅಧ್ಯಯನ ಮಾಡಬೇಕೆಂದು ವಾದಿಸಿ, ಚರ್ಚಿನ ಗಂಟೆ ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ಜನ ಒಂದು ಸಮುದಾಯವಾಗುತ್ತಾರೆ ಎಂಬ ವಿಚಾರವನ್ನು ಮುಂದಿಟ್ಟರು. ಕುಂದಾಪುರ ಸೀಮೆಗೆ ಈ ವಿಚಾರವನ್ನು ಅನ್ವಯಿಸುವುದಾದರೆ ಗಂಟೆಯ ಜಾಗದಲ್ಲಿ ಚೆಂಡೆಯನ್ನು ಇಡಬೇಕಾಗುತ್ತದೆ.

ಯಕ್ಷಗಾನದ ಬಯಲಾಟ ನಡೆಯುವ ದಿನ ಸಂಜೆ ಮೇಳದ ಹಿಮ್ಮೇಳದವರು, ಎಂದರೆ ಭಾಗವತರೊಡನೆ ವಾದ್ಯ ನುಡಿಸುವವರು, ಆಟದ ಜಾಗದಲ್ಲಿ ನಿಂತು ಚೆಂಡೆ ಮದ್ದಳೆಗಳನ್ನು ಸ್ವಲ್ಪ ಹೊತ್ತು ಬಾರಿಸುವ ಕ್ರಮಕ್ಕೆ ಕೇಳಿ ಬಾರಿಸುವುದು ಎನ್ನುತ್ತಾರೆ. ಇಂಥ ಊರಿನಲ್ಲಿ, ಇಂಥ ಗದ್ದೆಯಲ್ಲಿ ಈ ರಾತ್ರಿ ಆಟವಿದೆ ಎಂಬ ಸುದ್ದಿಯನ್ನು ಅಕ್ಷರವಿಲ್ಲದೆ, ಮಾತೂ ಇಲ್ಲದೆ ಸುತ್ತಲಿನವರಿಗೆ ತಲುಪಿಸುತ್ತಿದ್ದ ಸಾಧನವಿದು. ಹಲಸಿನ ಮರದ ಕಳಸಿಗೆಗೆ, ಅಂದರೆ ಕೊರೆದ ಪೊಳ್ಳು ದಿಮ್ಮಿಗೆ, ಚರ್ಮವನ್ನು ಹಗ್ಗದಿಂದ ಬಿಗಿದು ಕೋಲುಗಳಿಂದ ಬಾರಿಸುವ ಚೆಂಡೆಯ ಸದ್ದು ತೀಕ್ಷ್ಣವಾದದ್ದು. ಬೆರಳು ಮತ್ತು ಅಂಗೈಯಿಂದ ನುಡಿಸುವ ಮದ್ದಳೆಗಿಂತ ಎಷ್ಟೋ ದೂರ ಹೋಗುವಂಥದ್ದು. ಇದಕ್ಕೆ ವಾದ್ಯದ ಗುಣದ ಜೊತೆಗೆ ಇಲ್ಲಿಯ ಗಾಳಿಯೂ ಕಾರಣ. ಹಗಲಿನಲ್ಲಿ ಕಾದ ನೆಲದ ಮೇಲಿನ ಬಿಸಿಗಾಳಿಯು ಸದ್ದನ್ನು ಮೇಲಕ್ಕೆ ಬಾಗಿಸಿದರೆ, ಸೂರ್ಯ ಮುಳುಗಿದ ಮೇಲೆ ಗದ್ದೆಯ ಮೇಲಣ ಗಾಳಿ ಬೇಗ ತಣಿಯುವುದರಿಂದ ಮತ್ತು ಅದರ ಮೇಲಿನ ಪದರ ಬೆಚ್ಚಗಿರುವುದರಿಂದ ಸದ್ದು ಕೆಳಕ್ಕೆ ಬಾಗಿ ನೆಲದುದ್ದಕ್ಕೂ ಹರಿಯುತ್ತದೆ. ಮೇಳಗಳ ತಿರುಗಾಟ ನಡೆಯುವ ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ ಇದು ಹೆಚ್ಚು. ಮುಸ್ಸಂಜೆಯ ಕೇಳಿಯನ್ನು ಆಲಿಸಿದವರು ಸದ್ದು ಬಂದ ದಿಕ್ಕಿನಿಂದಲೇ ಆಟದ ಗದ್ದೆ ಯಾವುದೆಂದು ಊಹಿಸಿ, ಊಟ ಮುಗಿಸಿ, ಸೂಡಿ ಹಿಡಿದು ಗದ್ದೆಯಂಚಿನ ಮೇಲೆ ಸಾಗುತ್ತಿದ್ದರು. ಒಣಗಿದ ತೆಂಗಿನ ಗರಿಗಳನ್ನು ಕಟ್ಟಿ ಹಚ್ಚಿದ ಪಂಜಿಗೆ ಸೂಡಿ ಎನ್ನುತ್ತಾರೆ. ದಾರಿ ತಪ್ಪಿದರೆ ಚೆಂಡೆಯೇ ದಿಕ್ಕು ತೋರುತ್ತಿತ್ತು.

ಈ ನೆಲಕ್ಕೂ ಯಕ್ಷಗಾನಕ್ಕೂ ಇರುವ ನಂಟು ಬಹಳ ಹಳೆಯದು. ತಾಳಮದ್ದಳೆಯ, ಎಂದರೆ ವೇಷವಿಲ್ಲದೆ ಕುಳಿತು ಹಾಡು ಮತ್ತು ಮಾತುಗಳಿಂದ ನಡೆಸುವ ಪ್ರಕಾರದ, ಉಲ್ಲೇಖವು ಬಳ್ಳಾರಿ ಸೀಮೆಯ ಕುರುಗೋಡಿನ ಬಳಿಯ ಸೋಮಸಮುದ್ರದ 1556ರ ಶಾಸನದಲ್ಲಿ ದೊರೆತರೆ, ಪ್ರಸಂಗಗಳ, ಎಂದರೆ ಆಡುವುದಕ್ಕೆಂದು ಹಾಡಿನ ರೂಪದಲ್ಲಿ ಬರೆದ ಕಥಾನಕಗಳ, ಹಳೆಯ ಪ್ರತಿಗಳ ಪೈಕಿ ಶಿವರಾಮ ಕಾರಂತರು ಗಮನಕ್ಕೆ ತಂದ 1564ರ ವಿರಾಟಪರ್ವವು ಅಜಪುರದ ವಿಷ್ಣು ಎಂಬ ಕವಿಯದು. ಅಜಪುರವೆಂದರೆ ಇಂದಿನ ಬ್ರಹ್ಮಾವರ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಕಾರಂತರ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಡಗುತಿಟ್ಟು ಎಂದು ಹೆಸರಾದ ಉತ್ತರದ ಶೈಲಿಯೊಳಗೇ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ತಿಟ್ಟುಗಳು ಬೇರೆಬೇರೆಯಾಗಿ ಗುರುತಿಸಿಕೊಂಡವು; ಈ ಎರಡು ಊರುಗಳೂ ಬ್ರಹ್ಮಾವರದ ಆಸುಪಾಸಿನಲ್ಲಿಯೇ ಇವೆ. ಇಷ್ಟು ಚಿಕ್ಕ ಅಂತರದಲ್ಲಿ ಎರಡು ಶೈಲಿಗಳು ಬಾಳಿದವೆಂಬುದು ಇಲ್ಲಿಯ ಪ್ರೇಕ್ಷಕರ ಕಣ್ಣು ಕಿವಿಗಳು ಎಷ್ಟು ಹದಗೊಂಡಿದ್ದವೆಂಬುದಕ್ಕೆ ಸಾಕ್ಷಿ.

ಬಯಲಾಟದಲ್ಲಿ ಜನರು ಸದ್ದನ್ನು ಅರಸಿ ಹೋಗುತ್ತಾರೆ. ಹೂವಿನಕೋಲಿನಲ್ಲಿ ಸದ್ದೇ ಜನರನ್ನು ಅರಸಿ ಬರುತ್ತದೆ. ಪತ್ತನಾಜೆ, ಎಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ವೃಷಭ ಮಾಸದ ಹತ್ತನೆಯ ದಿನ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಹೊರಡುವುದು ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಕಲಾವಿದರಿಗೆ ಸಂಪಾದನೆಯಿಲ್ಲ. ಮಳೆ ಹಿಂಜರಿದು ಗದ್ದೆಯಲ್ಲಿ ತೆನೆ ತುಂಬಿ, ಮನೆಗಳಲ್ಲಿ ಹೊಸ್ತಿನ ಸಿದ್ಧತೆ, ಅಂದರೆ ಹೊಸ ತೆನೆಯನ್ನು ಮನೆತುಂಬಿಸಿಕೊಂಡು ಹೊಸ ಅಕ್ಕಿಯ ಊಟ ಮಾಡುವ ಆಚರಣೆಯ ಸಿದ್ಧತೆ, ನಡೆಯುವ ಸಮಯಕ್ಕೆ ಸರಿಯಾಗಿ ನವರಾತ್ರಿ ಬರುತ್ತದೆ. ಆಗ ಒಬ್ಬ ಭಾಗವತರು, ಒಬ್ಬ ಮದ್ದಳೆಗಾರರು, ಶ್ರುತಿ ಹಿಡಿಯುವವರೊಬ್ಬರು, ಕೊಟ್ಟದ್ದನ್ನು ಹೊರುವವರೊಬ್ಬರು ಮತ್ತು ಎಂಟರಿಂದ ಹನ್ನೆರಡು ವರ್ಷದೊಳಗಿನ ಇಬ್ಬರು ಹುಡುಗರು ಸೇರಿ ಒಂದು ಚಿಕ್ಕ ತಂಡವಾಗಿ ಮನೆಯಿಂದ ಮನೆಗೆ ಹೊರಡುತ್ತಿದ್ದರು.

ಈ ಪದ್ಧತಿಯ ಬೇರು ಐಗಳ ಮಠಗಳಲ್ಲಿದೆ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸರಕಾರಿ ಶಾಲೆಗಳು ಬರುವ ಮುನ್ನ ಒಬ್ಬನೇ ಉಪಾಧ್ಯಾಯನು ಊರಿನ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿ, ಲೆಕ್ಕ ಕಲಿಸಿ, ಕಾವ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಕಲಿಕೆಯ ತಾಣಕ್ಕೆ ಐಗಳ ಮಠವೆಂದು ಹೆಸರು. ಅವನಿಗೆ ಸಂಬಳವೆಂಬುದು ಇರಲಿಲ್ಲ, ಊರವರು ಕೊಟ್ಟ ಅಕ್ಕಿ ತೆಂಗಿನಕಾಯಿಗಳೇ ಜೀವನಾಧಾರ. ಮಹಾನವಮಿಯ ಸಮಯದಲ್ಲಿ ಇಂಥ ಉಪಾಧ್ಯಾಯರು ಶಿಷ್ಯರ ಕೈಗೆ ಬಣ್ಣದ ಕೋಲು ಕೊಟ್ಟು, ಚೌಪದಿಗಳನ್ನು ಹಾಡಿಸುತ್ತ ಮನೆಮನೆಗೆ ಹೋಗಿ ದಕ್ಷಿಣೆ ಪಡೆಯುವ ವಾಡಿಕೆ ಘಟ್ಟದ ಮೇಲಿನ ಕನ್ನಡ ನಾಡಿನಲ್ಲಿಯೂ ಇತ್ತು. ಚೌಪದಿ ಎಂದರೆ ನಾಲ್ಕು ನಾಲ್ಕು ಸಾಲಾಗಿ ಸಾಗುವ, ಮಕ್ಕಳ ನಾಲಗೆಗೆ ಸುಲಭವಾಗಿ ಹತ್ತುವ ಪದ್ಯಬಂಧ. ಕರಾವಳಿಯಲ್ಲಿ ಈ ವಾಡಿಕೆಗೆ ಯಕ್ಷಗಾನ ಬಂದು ಸೇರಿಕೊಂಡಿತು; ಹರಸುವ ಚೌಪದಿ ಮುಂದೆ ಉಳಿದು, ಅದರ ಹಿಂದೆ ಒಂದು ಕಥೆ ಬೆಳೆಯಿತು. ಕಲಿಕೆಯ ಫಲವನ್ನು ಊರಿಗೆ ತೋರಿಸಿ ಗುರುವಿಗೆ ದಕ್ಷಿಣೆ ಒದಗಿಸುವ ಕೆಲಸವೇ ಕಲಾವಿದರ ಮಳೆಗಾಲದ ಹಸಿವನ್ನು ನೀಗಿಸುವ ಕೆಲಸವೂ ಆದದ್ದು ಹೀಗೆ.

ತಂಡ ಮನೆಯೊಂದಕ್ಕೆ ಬಂದಾಗ ನಡೆಯುತ್ತಿದ್ದ ಕ್ರಮ ಅಚ್ಚುಕಟ್ಟಾಗಿತ್ತು. ಚಾವಡಿಯಲ್ಲಿ, ಅಂದರೆ ಮನೆಯ ಎದುರಿನ ತೆರೆದ ಪಡಸಾಲೆಯಲ್ಲಿ, ಮನೆಯವರು ದೀಪ ಹಚ್ಚಿ ಚಾಪೆ ಹಾಸುತ್ತಿದ್ದರು. ಹುಡುಗರಿಗೆ ಬಯಲಾಟದ ಬಣ್ಣವಾಗಲಿ ಕಿರೀಟವಾಗಲಿ ಇರುವುದಿಲ್ಲ. ಕಚ್ಚೆ, ಅಂಗಿ, ಹೆಗಲ ಮೇಲೊಂದು ಶಾಲು, ತಲೆಗೆ ಟೊಪ್ಪಿ ಅಥವಾ ಮುಂಡಾಸು, ಹಣೆಗೆ ನಾಮ, ಇಷ್ಟರಲ್ಲಿಯೇ ಅವರು ಅರ್ಜುನನೂ ಸುಧನ್ವನೂ ಆಗಬೇಕು. ಇಬ್ಬರೂ ಎದುರುಬದುರಾಗಿ ಕುಳಿತ ಮೇಲೆ ಅವರ ನಡುವೆ ಹೂವಿನಿಂದ ಅಲಂಕರಿಸಿದ ಕೋಲನ್ನು ಇಡುತ್ತಾರೆ. ಕಲೆಗೆ ಹೆಸರು ಬಂದದ್ದು ಇದರಿಂದ. ಭಾಗವತರು ಮಹಾನವಮಿ ಬಂದ ಸಂತೋಷವನ್ನು ಹೇಳಿ, ಆ ಮನೆಗೆ ಮಳೆ ಬೆಳೆ, ಮಕ್ಕಳು ಮರಿ, ಹಾಲು ಹೈನು ತುಂಬಿರಲೆಂದು ಹರಸುವ ಚೌಪದಿಯನ್ನು ಹಾಡಿಸುತ್ತಾರೆ. ಬಳಿಕ ಪ್ರಸಂಗವೊಂದರ ಚಿಕ್ಕ ಭಾಗ. ಸುಧನ್ವಾರ್ಜುನ, ಕೃಷ್ಣಾರ್ಜುನ, ಬಬ್ರುವಾಹನ ಮೊದಲಾಗಿ ಇಬ್ಬರ ನಡುವಿನ ಮಾತಿನ ಜಿದ್ದಿಗೆ ಎಡೆಯಿರುವ ಕಥೆಗಳು ಇದಕ್ಕೆ ಹೇಳಿಮಾಡಿಸಿದಂಥವು. ಪದ್ಯವನ್ನು ಭಾಗವತರು ಹಾಡಿದ ಮೇಲೆ ಹುಡುಗ ಅದರ ಅರ್ಥ ಹೇಳುತ್ತಾನೆ. ದೊಡ್ಡವರ ತಾಳಮದ್ದಳೆಯಲ್ಲಿ ಅರ್ಥಧಾರಿಯು ಮಾತನ್ನು ಆ ಕ್ಷಣದಲ್ಲಿಯೇ ಕಟ್ಟುತ್ತಾನೆ. ಇಲ್ಲಿ ಗುರು ಕಲಿಸಿದ ಮಾತನ್ನು ಹುಡುಗ ಬಾಯಿಪಾಠ ಒಪ್ಪಿಸುತ್ತಾನೆ. ಆದರೂ ಎದುರಿನವನು ಒಂದು ಮಾತು ಮರೆತರೆ ಅದನ್ನು ಹಾರಿಸಿ ಮುಂದಕ್ಕೆ ಸಾಗುವುದು, ಮನೆಯ ಹಿರಿಯರು ನಡುವೆ ಪ್ರಶ್ನೆ ಹಾಕಿದರೆ ಎದೆಗುಂದದೆ ಉತ್ತರಿಸುವುದು, ಇವನ್ನೆಲ್ಲ ಅವನು ಮನೆಯಿಂದ ಮನೆಗೆ ಹೋಗುತ್ತಲೇ ಕಲಿಯಬೇಕಾಗಿತ್ತು.

ಈ ಪ್ರದರ್ಶನದಲ್ಲಿ ಸಾಮಾನ್ಯವಾಗಿ ಚೆಂಡೆಯಿಲ್ಲ. ಮದ್ದಳೆ, ತಾಳ ಮತ್ತು ಶ್ರುತಿಯಷ್ಟೇ ಸಾಕಾಗುವಂತೆ ನಾದದ ಪ್ರಮಾಣವನ್ನು ಚಾವಡಿಯ ಅಳತೆಗೆ ಇಳಿಸಿಕೊಂಡಿರುವುದು ಗಮನಿಸಬೇಕಾದ ಕೌಶಲ. ಒಂದೇ ತಂಡ ಒಂದೇ ಸಂಜೆ ಹಂಚಿನ ಮಾಡಿನ ದೊಡ್ಡ ಮನೆಯಲ್ಲಿಯೂ ಹುಲ್ಲು ಹೊದಿಸಿದ ಚಿಕ್ಕ ಮನೆಯಲ್ಲಿಯೂ ಕುಳಿತು ಹಾಡಬೇಕಾದಾಗ ಕಂಠವನ್ನು ಎಷ್ಟು ಏರಿಸಬೇಕು, ಮದ್ದಳೆಯನ್ನು ಎಷ್ಟು ತಗ್ಗಿಸಬೇಕು, ಕಥೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಆ ಮನೆಯೇ ತೀರ್ಮಾನಿಸುತ್ತಿತ್ತು. ಮರದ ಕಂಬ, ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ ಇವು ಸದ್ದನ್ನು ಹೀರಿಕೊಳ್ಳುವ ರೀತಿ ಬೇರೆ, ಸಿಮೆಂಟಿನ ಗೋಡೆ ಸದ್ದನ್ನು ಮರಳಿಸುವ ರೀತಿ ಬೇರೆ. ಮನೆಯವರಿಗೆ ಪುರಸೊತ್ತಿದ್ದರೆ ಕಥೆ ಬೆಳೆಯುತ್ತಿತ್ತು, ಸೂತಕವಿದ್ದರೆ ತಂಡ ಹೊಸ್ತಿಲು ದಾಟದೆ ಮುಂದಿನ ಮನೆಗೆ ನಡೆಯುತ್ತಿತ್ತು. ಕೊನೆಗೆ ಅಕ್ಕಿ, ಭತ್ತ, ತೆಂಗಿನಕಾಯಿ, ವೀಳ್ಯದೊಡನೆ ಒಂದಿಷ್ಟು ಹಣ ಕೊಟ್ಟು ಕಳಿಸುವುದು ಮನೆಯವರ ಉತ್ತರ. ಹರಕೆ ಕೇಳಿಸಿಕೊಂಡವರು ಕೈ ನೀಡದಿದ್ದರೆ ಆ ಹರಕೆ ಪೂರ್ಣವಾಗಲಿಲ್ಲವೆಂಬ ಭಾವನೆ ಇದ್ದುದರಿಂದ, ಕೇಳುಗರು ಈ ಕಲೆಯಲ್ಲಿ ಒಂದು ಪಾತ್ರವನ್ನು ವಹಿಸಲೇಬೇಕಾಗಿತ್ತು. ಸ್ಥಳಾಧಾರಿತ ನಾದಕಲೆಯ ಬಗ್ಗೆ ಬರೆಯುವವರು ಪಾಲುಗೊಳ್ಳುವಿಕೆ ಎಂದು ಇಂದು ಹೊಗಳುವ ಗುಣವು ಇಲ್ಲಿ ಗೃಹಧರ್ಮವೇ ಆಗಿತ್ತು.

ನೆಲಕ್ಕೆ ಕಟ್ಟುಬಿದ್ದ ನಾದದ ಇನ್ನೊಂದು ಉದಾಹರಣೆ ದೀಪಾವಳಿಯ ಬಲಿಪಾಡ್ಯಮಿಯಂದು ಗದ್ದೆಗಳಲ್ಲಿ ದೊರೆಯುತ್ತದೆ. ಕತ್ತಲಾಗುವ ಹೊತ್ತಿಗೆ ಕೃಷಿಕರು ಎಣ್ಣೆಯಲ್ಲಿ ಅದ್ದಿದ ಬತ್ತಿಯ ಕೋಲುಗಳನ್ನು ಹಚ್ಚಿಕೊಂಡು ತಮ್ಮ ತಮ್ಮ ಗದ್ದೆಗೆ ಹೋಗಿ, ಹೂವು ಅವಲಕ್ಕಿಗಳನ್ನಿಟ್ಟು, ಬಲೀಂದ್ರನು ತನ್ನ ರಾಜ್ಯಕ್ಕೆ ಮರಳಿ ಬಂದನೆಂದು ಸಾರಿ ಹೊಲಿ, ಅಂದರೆ ಬೆಳೆಯ ಸಮೃದ್ಧಿ, ಬೇಡುತ್ತಾರೆ. ಪ್ರತಿ ಸಲವೂ ಕೊನೆಗೆ ಎಲ್ಲರೂ ಸೇರಿ ಉದ್ದವಾಗಿ ಕೂ ಎಂದು ಕೂಗುತ್ತಾರೆ. ಒಂದು ಗದ್ದೆಯ ಕೂಗು ಮುಗಿಯುವಷ್ಟರಲ್ಲಿ ಆಚೆಯ ಗದ್ದೆಯಿಂದ, ಅದರಾಚೆಯ ಬೈಲಿನಿಂದ ಇನ್ನೊಂದು ಕೂಗು ಏಳುತ್ತಿತ್ತು. ಈ ಕೂಗಿಗೆ ರಂಗವಿಲ್ಲ, ವಾದ್ಯವಿಲ್ಲ, ಪ್ರೇಕ್ಷಕನೆಂಬವನೂ ಇಲ್ಲ. ತನ್ನ ಗದ್ದೆಯಲ್ಲಿ ನಿಂತು ಕೂಗುವವನೇ ನೆರೆಯ ಗದ್ದೆಯ ಕೂಗನ್ನು ಕೇಳುವವನು. ಎಷ್ಟು ಗದ್ದೆಗಳಲ್ಲಿ ಬೇಸಾಯವಿದೆಯೋ ಅಷ್ಟು ದಿಕ್ಕುಗಳಿಂದ ಸದ್ದು ಬರುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಗದ್ದೆಗಳು ಹಡಿಲು ಬಿದ್ದಂತೆ, ಎಂದರೆ ಬೇಸಾಯವಿಲ್ಲದೆ ಪಾಳುಬಿದ್ದಂತೆ, ಆ ದಿಕ್ಕುಗಳು ಒಂದೊಂದಾಗಿ ಬರಿದಾದವು. ಬೇಸಾಯದ ಕುಸಿತವನ್ನು ಲೆಕ್ಕಪತ್ರಗಳಲ್ಲಿ ಹುಡುಕುವ ಅಗತ್ಯವಿಲ್ಲದೆ ಪಾಡ್ಯದ ಸಂಜೆ ಕಿವಿಗೊಟ್ಟು ತಿಳಿಯಬಹುದಾದ ಸ್ಥಿತಿ ಇದು.

ಹೋಳಿಯ ದಿನಗಳಲ್ಲಿ ಈ ಸೀಮೆಯ ಕುಡುಬಿ ಸಮುದಾಯದವರು ಗುಮಟೆ ಬಾರಿಸಿಕೊಂಡು ಮನೆಮನೆಗೆ ತೆರಳಿ ಕುಣಿಯುವ ಕ್ರಮವೂ ಇದೇ ಜಾತಿಗೆ ಸೇರಿದ್ದು. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದ ವಾದ್ಯ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮಕ್ಕೆ ಬದಲಾಯಿಸಿಕೊಳ್ಳಬೇಕಾಯಿತು. ಗೋವೆಯಿಂದ ಬಂದು ಘಟ್ಟದ ಬುಡದಲ್ಲಿ ನೆಲೆನಿಂತ ಈ ಜನ ತಮ್ಮ ಭಾಷೆಯ ಹಾಡುಗಳನ್ನೂ ಇಲ್ಲಿಯ ಕನ್ನಡದ ಹಾಡುಗಳನ್ನೂ ಹೊತ್ತು ಅಂಗಳದಿಂದ ಅಂಗಳಕ್ಕೆ ನಡೆದರು. ಗಂಗೊಳ್ಳಿ, ಕುಂದಾಪುರಗಳ ಖಾರ್ವಿ ಮೀನುಗಾರರ ಹೋಳಿಗೂ ಇಂಥದೇ ಕೊಂಕಣಿ ಮೂಲದ ನಂಟಿದೆ.

ನಡೆದಾಡುವ ನಾದವನ್ನು ಕೊಂಡಾಡುವಾಗ ಅದನ್ನು ಹೊರುವ ಕೆಲಸ ಯಾರ ಮೇಲೆ ಬಿದ್ದಿತ್ತು ಎಂಬುದನ್ನು ಮರೆಯುವಂತಿಲ್ಲ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಇಬ್ಬನಿಯಲ್ಲಿ ಕುಳಿತು ಬೆಳಗಿನವರೆಗೆ ಡೋಲು ಬಾರಿಸಬೇಕೆಂಬ, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಓಡಬೇಕೆಂಬ ಕಟ್ಟಳೆಗಳು ತುಳು ಮತ್ತು ಕುಂದಾಪುರ ಸೀಮೆಗಳಲ್ಲಿ ಬಳಕೆಯಲ್ಲಿದ್ದವು. ಅಲ್ಲಿಯೂ ಸದ್ದು ಒಂದು ನೆಲಕ್ಕೆ ಸೇರಿತ್ತು. ಆದರೆ ಬಾರಿಸುವವನಿಗೆ ಬಾರಿಸದಿರುವ ಸ್ವಾತಂತ್ರ್ಯ ಇರಲಿಲ್ಲ. ಅವನ ಡೋಲು ಕೆಡುಕನ್ನು ಓಡಿಸುತ್ತದೆಂದು ನಂಬಿದ ಊರು ಅವನನ್ನು ಮಾತ್ರ ಅಂಗಳದಿಂದ ದೂರವಿಟ್ಟಿತು. ಅಜಲು ಎಂದು ಕರೆಯಲಾಗುತ್ತಿದ್ದ ಈ ಅಮಾನವೀಯ ಚಾಕರಿಗಳನ್ನು ಕರ್ನಾಟಕ ಸರಕಾರವು 2000ದ ಕಾಯ್ದೆಯಿಂದ ನಿಷೇಧಿಸಿತು. ಬಳಿಕ ಕೊರಗರ ಡೋಲು ಅವರದೇ ಸಂಘಟನೆಗಳ ಮೆರವಣಿಗೆಗಳಲ್ಲಿ, ಸಾಂಸ್ಕೃತಿಕ ವೇದಿಕೆಗಳಲ್ಲಿ ಬೇರೊಂದು ಅರ್ಥದಲ್ಲಿ ಕೇಳಿಬಂದಿದೆ. ಒಂದು ಪ್ರದೇಶದ ನಾದದ ಚರಿತ್ರೆ ಬರೆಯುವವರು ಹೂವಿನಕೋಲಿನ ಹುಡುಗನಿಗೆ ಚಾವಡಿಯಲ್ಲಿ ಚಾಪೆ ಹಾಸಿದ್ದನ್ನು ದಾಖಲಿಸುವಾಗ, ಡೋಲಿನವನಿಗೆ ಚಾಪೆ ಹಾಸದಿದ್ದುದನ್ನೂ ದಾಖಲಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಹಲವು ಕಡೆಯಿಂದ ಸಡಿಲವಾಯಿತು. ಹೂವಿನಕೋಲಿನ ತಂಡಕ್ಕೆ ಭತ್ತ ಅಳೆದು ಕೊಡುತ್ತಿದ್ದ ದೊಡ್ಡ ಮನೆಗಳ ಆದಾಯದ ಮೂಲ ಗೇಣಿಯಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವರಿಗೆ ಭೂಮಿ ದೊರೆತ ಮೇಲೆ ಆ ಮನೆಗಳ ಕಣಜ ಬರಿದಾಯಿತು. ಗೇಣಿದಾರರ ಪಾಲಿಗೆ ಅದು ಬಿಡುಗಡೆ. ಅವರ ಅಂಗಳಗಳಿಗೂ ಹೂವಿನಕೋಲು ಹೋಗಬಹುದಾಗಿತ್ತು. ಆದರೆ ಅಷ್ಟರಲ್ಲಿ ಕುಟುಂಬದ ಯುವಕರು ಹೋಟೆಲ್ ಕೆಲಸಕ್ಕೆಂದು ಮುಂಬಯಿ, ಬೆಂಗಳೂರುಗಳ ಬಸ್ಸು ಹತ್ತಿದ್ದರು. ಶಾಲೆಗಳ ವೇಳಾಪಟ್ಟಿ ಹುಡುಗರನ್ನು ಹಿಡಿದಿಟ್ಟಿತ್ತು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಕಲಾವಿದರಿಗೆ ಹೆಚ್ಚಿನ ವೇತನ ಕೊಡತೊಡಗಿದ್ದರಿಂದ ನವರಾತ್ರಿಯ ಅಕ್ಕಿಕಾಯಿಗಾಗಿ ಅಲೆಯುವ ಅಗತ್ಯವೂ ತಗ್ಗಿತು. ಹೀಗೆ ಹೂವಿನಕೋಲು ಎಷ್ಟೋ ಊರುಗಳಲ್ಲಿ ಹಿರಿಯರ ನೆನಪಿನಲ್ಲಿ ಮಾತ್ರ ಉಳಿಯುವಂತಾಯಿತು.

ಕೇಳಿಗೂ ಹಾಗೆಯೇ ಪ್ರತಿಸ್ಪರ್ಧಿ ಬಂತು. ಡೇರೆ ಮೇಳಗಳು ಕಾರಿನ ನೆತ್ತಿಗೆ ಧ್ವನಿವರ್ಧಕ ಕಟ್ಟಿಸಿ, ಆ ದಿನದ ಪ್ರಸಂಗವನ್ನೂ ಕಲಾವಿದರ ಹೆಸರುಗಳನ್ನೂ ಕೂಗಿಸುತ್ತ, ಬಣ್ಣಬಣ್ಣದ ಚೀಟಿಗಳನ್ನು ರಸ್ತೆಗೆ ಎಸೆಯುತ್ತ ಊರೂರು ಸುತ್ತಿಸಿದವು. ಆ ಚೀಟಿ ಹೆಕ್ಕಲು ಮಕ್ಕಳು ಕಾರಿನ ಹಿಂದೆ ಓಡುತ್ತಿದ್ದುದು ಕರಾವಳಿಯ ಒಂದು ತಲೆಮಾರಿನ ಸಾಮಾನ್ಯ ನೆನಪು. ಕಾರು ಚೆಂಡೆಗಿಂತ ದೂರ ಹೋಯಿತು ನಿಜ. ಆದರೆ ಅದರ ಸದ್ದು ಆಟ ನಡೆಯುವ ಜಾಗದಿಂದ ಹೊರಟದ್ದಲ್ಲ, ಆದ್ದರಿಂದ ಅದನ್ನು ಕೇಳಿ ದಿಕ್ಕು ಹಿಡಿಯಲು ಆಗುತ್ತಿರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಗಿ ಯಕ್ಷಗಾನ ಮತ್ತು ತಾಳಮದ್ದಳೆಗಳು ರೇಡಿಯೊದಲ್ಲಿ ಬರತೊಡಗಿದಾಗ ನಾದವು ನೆಲವನ್ನು ಬಿಟ್ಟು ಇನ್ನೊಂದು ಹೆಜ್ಜೆ ಮೇಲೇರಿತು. ಕ್ಯಾಸೆಟ್ಟುಗಳು ಬಂದ ಮೇಲಂತೂ ಭಾಗವತರ ಕಂಠವು ಅವರ ದೇಹದಿಂದಲೇ ಬಿಡುಗಡೆಗೊಂಡಿತು. ಬ್ರಹ್ಮಾವರದ ಸಮೀಪದ ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ ಜನಪ್ರಿಯತೆಯ ತುದಿಯಲ್ಲಿದ್ದಾಗ, 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಂಡಿಲ್ಲದ ಪೀಳಿಗೆಯೂ ಅವರ ಕಂಠವನ್ನು ಬಲ್ಲದು. ಮೊದಲು ಬಸ್ಸುಗಳ ಟೇಪ್ ರೆಕಾರ್ಡರಿನಲ್ಲಿ, ಆಮೇಲೆ ಮೊಬೈಲಿನಲ್ಲಿ, ದುಬೈಯ ಕೋಣೆಯಲ್ಲಿಯೂ ಬೆಂಗಳೂರಿನ ಅಡುಗೆಮನೆಯಲ್ಲಿಯೂ ಆ ಕಂಠ ಕೇಳಿಬರುತ್ತದೆ. ಇದು ಕಲೆಗೆ ದೊರೆತ ದೊಡ್ಡ ಲಾಭ. ಜೊತೆಗೆ, ಎಲ್ಲಿ ಬೇಕಾದರೂ ಕೇಳಬಹುದಾದ ನಾದವು ಯಾವ ಊರಿನ ಗಾಳಿಯನ್ನೂ ಹೊತ್ತು ತರುವುದಿಲ್ಲವೆಂಬ ನಷ್ಟವೂ ಸ್ಪಷ್ಟ.

ವಿಚಿತ್ರವೆಂದರೆ, ರೆಕಾರ್ಡಿಂಗ್ ಯಂತ್ರಗಳಿಂದ ಬೇರು ಕಿತ್ತ ನಾದವನ್ನು ಮತ್ತೆ ನೆಲಕ್ಕೆ ನೆಡುವ ಪ್ರಯತ್ನಗಳು ಅದೇ ಅವಧಿಯಲ್ಲಿ ಪಶ್ಚಿಮದ ದೇಶಗಳಲ್ಲಿ ನಡೆದವು. ಅಮೆರಿಕದ ಮ್ಯಾಕ್ಸ್ ನ್ಯೂಹೌಸ್ 1967ರಲ್ಲಿ ಬಫಲೋ ನಗರದ ರಸ್ತೆಯೊಂದರ ಬದಿಯಲ್ಲಿ ಚಿಕ್ಕ ಚಿಕ್ಕ ರೇಡಿಯೊ ಪ್ರಸಾರಕಗಳನ್ನಿಟ್ಟು, ಆ ದಾರಿಯಲ್ಲಿ ಹೋಗುವವರ ಕಾರಿನ ರೇಡಿಯೊದಲ್ಲಿ ಜಾಗಕ್ಕೊಂದು ಬಗೆಯ ಸಂಗೀತ ಕೇಳಿಸುವಂತೆ ಮಾಡಿದರು. ಕೆನಡಾದ ಜಾನೆಟ್ ಕಾರ್ಡಿಫ್ 1991ರಲ್ಲಿ ಬ್ಯಾನ್ಫ್‌ನ ಕಾಡಿನಲ್ಲಿ ನಡೆಯುತ್ತ ಟೇಪ್ ಕೇಳುವ ತಮ್ಮ ಮೊದಲ ಶ್ರವಣನಡಿಗೆಯನ್ನು ರಚಿಸಿದರು. 1999ರಲ್ಲಿ ಟೆರಿ ರೂಬ್ ಕೆನಡಾದ ಯೋಹೊ ರಾಷ್ಟ್ರೀಯ ಉದ್ಯಾನದ ಬೆಟ್ಟದ ದಾರಿಯಲ್ಲಿ, ಅಗಲಿದವರ ಸ್ಮರಣೆಯ ಹಾಡು ಮತ್ತು ಮಾತುಗಳನ್ನು ಉಪಗ್ರಹಗಳ ಸಹಾಯದಿಂದ ಜಾಗಜಾಗಕ್ಕೆ ಹೊಂದಿಸಿದಾಗ ಚಾರಣಿಗರು ಯಂತ್ರವನ್ನು ಬೆನ್ನಚೀಲದಲ್ಲಿ ಹೊತ್ತು ನಡೆಯಬೇಕಾಗಿತ್ತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರಕಾರವು ಜಿಪಿಎಸ್ ಸಂಕೇತಗಳಲ್ಲಿ ನಾಗರಿಕ ಬಳಕೆಗೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ತೆಗೆದುಹಾಕಿದ್ದರಿಂದ ಸ್ಥಾನನಿರ್ಣಯ ಹೆಚ್ಚು ನಿಖರವಾಯಿತು. ಕೆಲವು ವರ್ಷಗಳಲ್ಲಿ ಆ ಸೌಲಭ್ಯ ಮೊಬೈಲಿನೊಳಗೇ ಬಂತು. 2020ರಲ್ಲಿ ಎಲೆನ್ ರೀಡ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆಂದು ರಚಿಸಿದ ಸಂಗೀತವನ್ನು ಕೇಳಲು ಒಂದು ಫೋನ್ ಸಾಕಾಗಿತ್ತು.

ಇದರ ತಂತ್ರ ಸರಳವಾದದ್ದು. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತನ್ನನ್ನು ತಲುಪಿದ ಸಮಯದ ವ್ಯತ್ಯಾಸದಿಂದ ತಾನಿರುವ ಜಾಗವನ್ನು ಲೆಕ್ಕಹಾಕುತ್ತದೆ; ಕಲಾವಿದರು ನಕ್ಷೆಯ ಮೇಲೆ ಮೊದಲೇ ವೃತ್ತಗಳನ್ನು ಎಳೆದು ಪ್ರತಿಯೊಂದಕ್ಕೂ ಒಂದು ಧ್ವನಿಯನ್ನು ಜೋಡಿಸಿರುತ್ತಾರೆ; ನಡೆಯುವವರು ವೃತ್ತದ ಒಳಗೆ ಬಂದೊಡನೆ ಆ ಧ್ವನಿ ಮೆಲ್ಲನೆ ಏರಿ, ಹೊರಟಾಗ ಇಳಿಯುತ್ತದೆ, ಎರಡು ವೃತ್ತಗಳು ಸೇರುವಲ್ಲಿ ಎರಡೂ ಬೆರೆಯುತ್ತವೆ. ತೆರೆದ ಆಕಾಶದ ಕೆಳಗೆ ಕೆಲವೇ ಮೀಟರುಗಳ ಒಳಗೆ ನಿಖರವಾಗಿರುವ ಈ ಲೆಕ್ಕವು ದಟ್ಟ ಮರಗಳ ಅಡಿಯಲ್ಲಿ ತೊನೆಯುತ್ತದೆ. ಕುಂದಾಪುರದ ತೆಂಗು ಅಡಿಕೆ ತೋಟಗಳಲ್ಲಿ ಇಂಥ ರಚನೆ ಮಾಡಹೊರಟವರು ವೃತ್ತಗಳನ್ನು ಅಗಲವಾಗಿಯೇ ಎಳೆಯಬೇಕಾದೀತು. ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಫೋನಿನ ನಾದಕಲೆಯಲ್ಲಿ ಕೇಳುವವರು ನಡೆಯುತ್ತಾರೆ, ನಾದ ಕಾಯುತ್ತಿರುತ್ತದೆ. ಹೂವಿನಕೋಲಿನಲ್ಲಿ ಹಾಡುವವರು ನಡೆಯುತ್ತಾರೆ, ಮನೆ ಕಾಯುತ್ತಿರುತ್ತದೆ. ಮೊದಲನೆಯದರಲ್ಲಿ ಪಕ್ಕದಲ್ಲಿಯೇ ನಿಂತವರಿಗೂ ಆ ನಾದ ಕೇಳಿಸದು, ಎರಡನೆಯದರಲ್ಲಿ ಬೇಲಿಯಾಚೆಯ ಮನೆಯವರಿಗೂ ಕೇಳಿಸಿ ಅವರು ದೀಪ ಹಚ್ಚಿಡುತ್ತಾರೆ.

ಧ್ವನಿವರ್ಧಕದ ಬಳಕೆ ಹೆಚ್ಚಿದ ಮೇಲೆ ಸಾರ್ವಜನಿಕ ನಾದಕ್ಕೆ ಕಾನೂನಿನ ಗಡಿಯೂ ಬಂತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು, 2005ರಲ್ಲಿ ಸುಪ್ರೀಂ ಕೋರ್ಟು ಅವುಗಳ ಕಟ್ಟುನಿಟ್ಟಾದ ಪಾಲನೆಗೆ ಆದೇಶಿಸಿತು. ಇಡೀ ರಾತ್ರಿಯ ಬಯಲಾಟಗಳು ಕಾಲಮಿತಿಯ ಪ್ರದರ್ಶನಗಳಾಗಿ ಮಾರ್ಪಡುವುದಕ್ಕೆ ಪ್ರೇಕ್ಷಕರ ಬದಲಾದ ದಿನಚರಿಯಷ್ಟೇ ಈ ನಿಯಮಗಳೂ ಕಾರಣ. ಮಂದಾರ್ತಿ, ಮಾರಣಕಟ್ಟೆ ಮುಂತಾದ ಕ್ಷೇತ್ರಗಳ ಮೇಳಗಳು ಇಂದಿಗೂ ಹರಕೆಯ ಆಟಗಳನ್ನು ಭಕ್ತರ ಮನೆಯ ಸಮೀಪದ ಗದ್ದೆ ಅಂಗಳಗಳಲ್ಲಿ ಆಡುತ್ತವೆ. ಮಂದಾರ್ತಿಯೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಹರಕೆ ಹೇಳಿಕೊಂಡ ಮನೆಯ ನೆಲದಲ್ಲಿಯೇ ಆಟ ಆಗಬೇಕೆಂಬ ಅಪೇಕ್ಷೆ ಇನ್ನೂ ಉಳಿದಿರುವುದರಿಂದ, ಧ್ವನಿವರ್ಧಕದ ನಡುವೆಯೂ ನೆಲದ ಹಕ್ಕು ಪೂರ್ತಿ ಅಳಿದಿಲ್ಲವೆನ್ನಬಹುದು.

ಹೂವಿನಕೋಲಿಗೆ ಮರುಜೀವ ಬಂದದ್ದು ಮಕ್ಕಳ ಮೂಲಕವೇ. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವು ಬಡಗುತಿಟ್ಟನ್ನು ಎಳೆಯರಿಗೆ ಕ್ರಮಬದ್ಧವಾಗಿ ಕಲಿಸುವ ದಾರಿ ತೆರೆಯಿತು. ಅದಕ್ಕೂ ಮೊದಲು, 1971ರಲ್ಲಿ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗಿ, 1919ರಲ್ಲಿ ಹುಟ್ಟಿ ನೂರು ವರ್ಷ ಬಾಳಿದ ಹಿರಿಯಡಕ ಗೋಪಾಲರಾಯರಂಥ ಮದ್ದಳೆಗಾರರ ವಿದ್ಯೆ ಶಾಲೆಯ ಚೌಕಟ್ಟಿನೊಳಗೆ ಬಂದಿತ್ತು. ಇತ್ತೀಚೆಗೆ ತೆಕ್ಕಟ್ಟೆಯ ಯಶಸ್ವೀ ಕಲಾವೃಂದದಂಥ ಸಂಘಗಳು ನವರಾತ್ರಿಯಲ್ಲಿ ಹೂವಿನಕೋಲಿನ ತಂಡಗಳನ್ನು ಮನೆಗಳಿಗೆ ಕಳಿಸುತ್ತಿವೆ. ಇಂದಿನ ತಂಡಗಳಲ್ಲಿ ಹುಡುಗಿಯರೂ ಇದ್ದಾರೆ. ಗದ್ದೆಯಂಚಿನ ಹಾದಿಯ ಬದಲು ವಾಹನ ಬಂದಿದೆ. ಅಕ್ಕಿ ಕಾಯಿಯ ಬದಲು ಹೆಚ್ಚಾಗಿ ಹಣ ಸಲ್ಲುತ್ತದೆ. ಇವೆಲ್ಲ ಒಪ್ಪತಕ್ಕ ಬದಲಾವಣೆಗಳು. ಆದರೆ ಸಭಾಭವನದ ವೇದಿಕೆಯ ಮೇಲೆ ಧ್ವನಿವರ್ಧಕದ ಮುಂದೆ ಹೂವಿನಕೋಲನ್ನು ಪ್ರದರ್ಶಿಸುವ ರೂಢಿಯ ಬಗ್ಗೆ ಎಚ್ಚರ ಬೇಕು. ಹರಸುವುದಕ್ಕೆ ಎದುರಿನಲ್ಲಿ ಒಂದು ಮನೆ ಇಲ್ಲದಿದ್ದರೆ ಚೌಪದಿಯ ಮಾತಿಗೆ ಆಧಾರವೇ ತಪ್ಪುತ್ತದೆ.

ಸ್ಥಳಾಧಾರಿತ ನಾದಕಲೆಯ ತಂತ್ರವು ಈ ಸೀಮೆಗೆ ನಿಜವಾಗಿ ಉಪಯೋಗಕ್ಕೆ ಬರಬಹುದಾದದ್ದು ದಾಖಲೆಯ ಕೆಲಸದಲ್ಲಿ. ಬಲೀಂದ್ರನನ್ನು ಕರೆಯುವ ಮಾತುಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಒಂದೆಡೆ ಧ್ವನಿಮುದ್ರಿಸಿ ಎಲ್ಲ ಕಡೆಗೂ ಅದೇ ಎಂದು ಹಂಚಿದರೆ ಉಳಿದ ಪಾಠಗಳೆಲ್ಲ ಅಳಿದುಹೋಗುತ್ತವೆ. ಅದರ ಬದಲು ಆಯಾ ಗದ್ದೆಯಲ್ಲಿಯೇ, ಪಾಡ್ಯದ ಸಂಜೆಯೇ, ನೆರೆಯ ಗದ್ದೆಯ ಮರುಕೂಗೂ ಸೇರುವಂತೆ ಧ್ವನಿಮುದ್ರಿಸಿ, ಅದರ ಅಕ್ಷಾಂಶ ರೇಖಾಂಶಗಳೊಡನೆ ಜೋಡಿಸಿಟ್ಟರೆ, ಮುಂದೆ ಆ ಹಡಿಲು ಗದ್ದೆಯಲ್ಲಿ ನಿಂತವರ ಫೋನಿನಲ್ಲಿ ಆ ಗದ್ದೆಯದೇ ಕೂಗು ಕೇಳಿಸೀತು. ಕೇಳಿಯನ್ನೂ ಆಟದ ಗದ್ದೆಯಿಂದ ಬೇರೆಬೇರೆ ದೂರಗಳಲ್ಲಿ ನಿಂತು ದಾಖಲಿಸಬೇಕು. ಅದು ಎಲ್ಲಿಯವರೆಗೆ ಕೇಳಿಸುತ್ತಿತ್ತು ಎಂಬುದೇ ಹಿಂದಿನ ನೆರೆಹೊರೆಯ ಗಡಿಯನ್ನು ಗುರುತಿಸಲು ನೆರವಾಗುತ್ತದೆ. ಹೆದ್ದಾರಿಯ ಸದ್ದು ಏರುತ್ತಿರುವುದರಿಂದ ಈ ಅಳತೆಯ ಕೆಲಸವನ್ನು ಹೆದ್ದಾರಿಗೆ ಹತ್ತಿರದ ಕೋಟ, ತೆಕ್ಕಟ್ಟೆ, ಬೈಂದೂರುಗಳಿಗಿಂತ ಮೊದಲು ಘಟ್ಟದ ಬುಡದ ಊರುಗಳಲ್ಲಿ ಆರಂಭಿಸುವುದು ಸೂಕ್ತ. ಧ್ವನಿವರ್ಧಕವಿಲ್ಲದ ಚೆಂಡೆ ಎಷ್ಟು ದೂರ ಹೋಗುತ್ತದೆಂದು ತಿಳಿಯಬಲ್ಲಷ್ಟು ರಾತ್ರಿಯ ನಿಶ್ಶಬ್ದ ಅಲ್ಲಿ ಇನ್ನೂ ಇದೆ.